ಇಬ್ಬರ ಮುನಿಸಿಗೆ ಹೋದ ಕಿವಿ

ಮೊದಲು ಎಡಗಿವಿಯಲ್ಲಿ ಜೀರುಂಡೆ ಕೂಗಿದ ಹಾಗಾಯಿತು. ಮನೆಯಲ್ಲಿ ಬೇರೆ ಯಾರಿಗೂ ಕೇಳಿಸದ ಜೀರುಂಡೆ. ಟಿ.ಬಿ. ಎಂದು ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್ ನಡೆದಿತ್ತು; ಕೆಮ್ಮು ತಗ್ಗಿ ರೊಟ್ಟಿ ರುಚಿಸತೊಡಗಿದ ಹೊತ್ತಿಗೇ ಇದು ಶುರುವಾಯಿತು. ಎದ್ದು ನಿಂತರೆ ನೆಲ ವಾಲುತ್ತಿತ್ತು.

ಇಂಜೆಕ್ಷನ್ ಕೊಡಲು ಮನೆಗೆ ಬರುತ್ತಿದ್ದ ನರ್ಸಬಾಯಿಗೆ ಹೇಳಿದೆ. ಆಕೆಯ ಮುಖ ಸಣ್ಣದಾಯಿತು.

"ಈ ಇಂಜೆಕ್ಷನ್ ಕೆಲವರಿಗೆ ಕಿವಿಗೆ ಹೊಡೀತದ. ಇದನ್ನ ನಿಲ್ಲಿಸೋದು ನನ್ನ ಕೈಯಾಗಿಲ್ಲ ಶಂಕ್ರವ್ವ. ಡಾಕ್ಟರ್ ಹೇಳಬೇಕು. ನೀನ ಹೋಗಿ ಕೇಳು. ನಾ ಅವರ ಕೂಡ ಮಾತಾಡಂಗಿಲ್ಲ."

ಆಕೆ ಮನೆಮನೆ ತಿರುಗಿ ಕರೆತಂದ ಸಂತಾನಹರಣ ಆಪರೇಷನ್ ಕೇಸುಗಳನ್ನು ಡಾಕ್ಟರು ಬೇರೆ ನರ್ಸಿನ ಹೆಸರಿಗೆ ಹಚ್ಚಿದ್ದರಂತೆ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಏನಿದ್ದರೂ ರೋಗಿಗಳ ಕೂಡ ಹೇಳಿ ಕಳಿಸುವುದು.

ನಮ್ಮ ಮನೆಯವರ ಹೆಗಲು ಹಿಡಿದು ನಮ್ಮೂರಾದ ತಳಕಲ್ಲಿನಲ್ಲಿ ಬಸ್ಸು ಹತ್ತಿದೆ. ದವಾಖಾನೆಯಲ್ಲಿ ಡಾಕ್ಟರು ನನ್ನ ಮಾತು ಪೂರ್ತಿ ಕೇಳಲಿಲ್ಲ.

"ಆಕಿಗೆ ಬಾಯಿಲ್ಲೇನು? ಬಂದು ಹೇಳಲಿ. ಅಲ್ಲೀತನಕ ಇಂಜೆಕ್ಷನ್ ಬಿಡಬ್ಯಾಡ."

ನರ್ಸಬಾಯಿಗೆ ಹೇಳಿದೆ. "ಅವರೇ ನನ್ನ ಕರೀಲಿ" ಎಂದಳು. ಎಂದು ಮತ್ತೆ ಸೂಜಿ ಚುಚ್ಚಿದಳು. ಹೀಗೇ ನಡೆಯಿತು.

ಒಂದು ಬೆಳಿಗ್ಗೆ ಎಡಗಿವಿ ಸತ್ತಿತ್ತು.

ಕೊನೆಗೆ ಕೊಪ್ಪಳಕ್ಕೆ ಹೋದೆ; ಅಲ್ಲಿ ಬೇರೊಬ್ಬ ಡಾಕ್ಟರು ಇಂಜೆಕ್ಷನ್ ನಿಲ್ಲಿಸಿ ಗುಳಿಗೆ ಬರೆದುಕೊಟ್ಟರು. ಬಲಗಿವಿ ಉಳಿಯಿತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ಇವರು ನನಗೆ ಯಾವ ಬಂಧು, ಯಾವ ಬಳಗ? ಇಬ್ಬರ ಮೇಲೂ ಸಿಟ್ಟು ಉರಿಯುತ್ತಿತ್ತು. ಸೇಡು ತೀರದೆ ತಿಂದ ಅನ್ನ ಮೈಗೆ ಹತ್ತುವುದಿಲ್ಲ ಅನ್ನಿಸಿತು.

ಹಳ್ಳಿಗಳ ನರ್ಸುಗಳೆಲ್ಲ ಮೀಟಿಂಗಿಗೆ ಸೇರುವ ದಿನ ನೋಡಿ, ಗುಳಿಗೆ ತರುವ ನೆಪದಲ್ಲಿ ಮೊದಲಿನ ದವಾಖಾನೆಗೆ ಹೋದೆ. ನಮ್ಮ ನರ್ಸಬಾಯಿಯೂ ಅಲ್ಲೇ ಇದ್ದಳು.

"ಹೆಂಗದೀಯವ್ವಾ?" ಎಂದರು ಡಾಕ್ಟರು.

"ಎರಡೂ ಕಿವಿ ಹೋಗ್ಯಾವ್ರಿ ಸಾಹೇಬ್ರ! ಏನಿದ್ರೂ ನಮ್ಮ ನರ್ಸಬಾಯಿಗೆ ಹೇಳ್ರಿ. ಆಕಿ ಕೈಸನ್ನಿ ಮಾಡಿ ತಿಳಸ್ತಾಳ."

ಡಾಕ್ಟರು ಕಿರುಚಿ ನೋಡಿದರು. ನಾನು ಕಲ್ಲಿನ ಹಾಗೆ ಕೂತೆ. ಜೊತೆಗೆ ಬಂದಿದ್ದ ಮನೆಯವರು ನಗು ತಡೆಯಲು ತುಟಿ ಕಚ್ಚಿಕೊಂಡು ನಿಂತಿದ್ದರು. ಸಾಲಿನಲ್ಲಿದ್ದ ಜನವೆಲ್ಲ ಬಾಗಿಲಿಗೆ ಬಂತು.

ಕೊನೆಗೆ ಡಾಕ್ಟರು ಗೋಡೆ ನೋಡುತ್ತ, "ಯಾವಾಗಿಂದ ಕೇಳಂಗಿಲ್ಲಂತ ಕೇಳ್ರಿ ಸಿಸ್ಟರ್" ಎಂದರು.

"ನೀವು ಇಂಜೆಕ್ಷನ್ ಬಿಡಬ್ಯಾಡ ಅಂದಾಗಿಂದ್ರಿ ಸರ್."

"ನೀವು ಬಂದು ನನಗ ಹೇಳಬೇಕಾಗಿತ್ತು!"

"ನೀವು ಕರದು ಕೇಳಬೇಕಾಗಿತ್ರಿ!"

ಎಲ್ಲರೆದುರು ಇಬ್ಬರ ಬಂಡವಾಳವೂ ಬಯಲಾಯಿತು. ಒಂದೊಂದು ಮಾತನ್ನೂ ಬಲಗಿವಿಯಿಂದ ಕೇಳಿ ಸುಖಪಟ್ಟೆ.

ಕೆಮ್ಮು ಹೋಗಿದೆ, ಜೀವ ಉಳಿದಿದೆ. ದಿನಾ ದೇವರಿಗೆ ಕೈಮುಗಿಯುತ್ತೇನೆ. ಆದರೆ ಒಂದು ಕಿವಿ ಕೇಳಿಸುತ್ತದೆಂದು ಅವರಿಬ್ಬರಿಗೂ ಇನ್ನೂ ಹೇಳಿಲ್ಲ. ನಾನು ಗುಳಿಗೆಗೆ ಹೋದಾಗಲೆಲ್ಲ ಅವರು ಎದುರುಬದುರು ನಿಂತು ಮಾತಾಡಲೇಬೇಕು.