ಸೊಂಟಕ್ಕೆ ಕಟ್ಟಿದ ಗಾಳ

ದೆವ್ವ, ಗಾಳಿ, ಮೋಹಿನಿ ಎಂದು ಯಾರಾದರೂ ಶುರು ಮಾಡಿದರೆ, "ಸರಿ, ಎಷ್ಟಕ್ಕೆ ಕೊಡ್ತೀಯ ಹೇಳು" ಎಂದು ಕೇಳಿ ಬಾಯಿ ಮುಚ್ಚಿಸುವ ಅಭ್ಯಾಸ ನನ್ನದು. ಹೊಳೆನರಸೀಪುರದ ಸಂತೆಯಲ್ಲಿ ತಲೆಯ ಮೇಲೆ ಬುಟ್ಟಿ ಹೊತ್ತು ವ್ಯಾಪಾರ ಕಲಿತವನು ನಾನು. ಇವತ್ತು ಸ್ವಂತ ಹಾರ್ಡ್‌ವೇರ್ ಅಂಗಡಿ ಇದೆ. ಮುಟ್ಟಿ, ತೂಗಿ, ಅಳೆದು ನೋಡಲಾಗದ್ದನ್ನು ಕೊಂಡವನೂ ಅಲ್ಲ, ನಂಬಿದವನೂ ಅಲ್ಲ. ಈಗ ಬರೆಯುತ್ತಿರುವುದನ್ನು ನೀವು ನಂಬಲೇಬೇಕೆಂದು ಚೌಕಾಸಿ ಮಾಡುವುದಿಲ್ಲ. ನನಗೇ ಅದು ಇನ್ನೂ ಪೂರ್ತಿ ದಕ್ಕಿಲ್ಲ.

ನನಗಿರುವ ಒಂದೇ ಚಟ ಗಾಳ ಹಾಕುವುದು. ನುಗ್ಗೇಹಳ್ಳಿ ಕಡೆಯ ಕೆರೆಗಳ ದಡದಲ್ಲಿ ನಿಂತು ವರ್ಷಗಟ್ಟಲೆ ಹಾಕಿದ್ದೆ. ಮೂರು ವರ್ಷದ ಹಿಂದೆ, ಬಾಗಿಲು ಹಾಕುತ್ತಿದ್ದ ಒಂದು ರೆಸಾರ್ಟಿನಿಂದ ಹಳೆಯ ಕಯಾಕ್ ಸಿಕ್ಕಿತು. ಒಬ್ಬನೇ ಕಾಲು ಚಾಚಿ ಕುಳಿತು ಹುಟ್ಟು ಹಾಕುವ ಸಣ್ಣ ಪ್ಲಾಸ್ಟಿಕ್ ದೋಣಿ ಅದು. ಬೇಸಿಗೆಯಲ್ಲಿ ಹೇಮಾವತಿ ಹಿನ್ನೀರು ಇಳಿದಾಗ ಮುಳುಗಡೆಯಾದ ಹೊಲಗಳ ಒಣಮರಗಳು ತಲೆ ಎತ್ತುತ್ತವೆ. ಆ ಬುಡಗಳಲ್ಲಿ ಕೊರಮೀನು ಕಾದು ಕೂತಿರುತ್ತದೆ. ಅಲ್ಲಿಗೆ ದಡದಿಂದ ಗಾಳ ಮುಟ್ಟುವುದಿಲ್ಲ, ಕಯಾಕ್ ಮುಟ್ಟುತ್ತದೆ.

ಇಳಿಯುವವರು ಮೊದಲು ಮೀನಿನ ಗುತ್ತಿಗೆದಾರನನ್ನು ಕೇಳಿ ಇಳಿಯಿರಿ. ಕುಳಿತು ಎಸೆಯುವುದು ನಿಂತು ಎಸೆದಂತಲ್ಲ. ತಲೆಯ ಮೇಲಿಂದ ಬೀಸಿದರೆ ಗಾಳದ ರಾಡಿನ ತುದಿ ಹಿಂದಿನ ನೀರಿಗೆ ಬಡಿಯುತ್ತದೆ, ದೋಣಿ ತೂಗಾಡುತ್ತದೆ. ಗಿಡ್ಡ ರಾಡು ಹಿಡಿಯಿರಿ. ಮೊಣಕೈ ಪಕ್ಕೆಗೆ ಅಂಟಿರಲಿ, ಮಣಿಕಟ್ಟು ಮಾತ್ರ ತಿರುಗಲಿ, ರಾಡು ನೀರಿಗೆ ಸಮನಾಗಿ ಪಕ್ಕದಿಂದ ಬರಲಿ. ದಾರದ ತುದಿಗೆ ಎರೆಯಾಗಿ ಕಟ್ಟಿದ ರಬ್ಬರ್ ಕಪ್ಪೆ ನೀರಿನ ಮೇಲೆ ಜಾರಿಕೊಂಡು ಹೋಗಿ ಬುಡದ ಪಕ್ಕ ಕೂರುತ್ತದೆ. ಏನೇ ಆದರೂ ನಿಮ್ಮ ಹೆಗಲು ದೋಣಿಯ ಅಂಚು ದಾಟಬಾರದು. ದಾಟಿತೋ, ಮಗುಚಿತು.

ರಾಡು ನೀರಿಗೆ ಬೀಳದಂತೆ ಅದನ್ನು ಒಂದು ಹಗ್ಗದಲ್ಲಿ ದೋಣಿಯ ಬಳೆಗೆ ಕಟ್ಟುತ್ತಾರೆ. ಈ ಸಂಗತಿ ನಡೆದ ದಿನ ನಾನು ಹಾಗೆ ಮಾಡಲಿಲ್ಲ. ರಾಡಿಗೆ ಕೂರಿಸಿದ, ದಾರ ಸುತ್ತುವ ರೀಲನ್ನು ಹಾಸನದಲ್ಲಿ ಒಬ್ಬರ ಹತ್ತಿರ ಎರಡು ದಿನ ಚೌಕಾಸಿ ಮಾಡಿ ತಂದಿದ್ದೆ. ದೋಣಿ ಹೋದರೂ ಹೋಗಲಿ, ರೀಲು ನನ್ನ ಜೊತೆಗಿರಲಿ ಎಂದು ಹಗ್ಗವನ್ನು ಲೈಫ್ ಜಾಕೆಟ್ಟಿನ ಸೊಂಟಪಟ್ಟಿಗೆ ಬಿಗಿದುಕೊಂಡೆ.

ಅದು ರಂಗಣ್ಣನ ಕಣ್ಣಿಗೆ ಬಿತ್ತು. ಆ ದಡದಲ್ಲಿ ತೆಪ್ಪ ಹಾಕಿ ಬಲೆ ಬಿಡುವ ವಯಸ್ಸಾದ ಮೀನುಗಾರ ಅವನು. ಮೊದಲು ನನ್ನ ದೋಣಿಯ ಸೀಟು ನೋಡಿ ನಕ್ಕ. "ಕುರ್ಚಿ ಆಕ್ಕಂಡು ಮೀನ್ ಇಡಿಯಾಕೆ ಒಂಟ್ರಾ ಸಾ? ಕಾಪಿ ಬ್ಯಾರೆ ಕಳುಸ್ಲಾ?" ಆಮೇಲೆ ಸೊಂಟ ನೋಡಿದ, ನಗು ನಿಂತಿತು. "ಅದ್ನ ಬಿಚ್ಚಿ ಸಾ. ನೀರ್ನಾಗಿರೋ ದಾರವ ಮೈಗೆ ಕಟ್ಕಬಾರ್ದು."

ಅವನ ಕಡೆಯವರು ಬಲೆಯ ಹಗ್ಗವನ್ನು ಕಾಲಿನ ಹೆಬ್ಬೆರಳ ಕೆಳಗೆ ಒತ್ತಿ ಹಿಡಿಯುತ್ತಾರೆ. ಎಂಥ ಗಾಳಿ ಎದ್ದರೂ ಕೈಗೆ ಒಂದು ಸುತ್ತು ಕೂಡ ಸುತ್ತಿಕೊಳ್ಳುವುದಿಲ್ಲ. ಯಾಕೆ ಎಂದು ಕೇಳಿದೆ.

"ದಾರುಕ್ಕೆ ಎಲ್ಡು ತುದಿ ಅವೆ. ಒಂದು ನಿಮ್ ತಾವದೆ. ಇನ್ನೊಂದು ಯಾರ್ ತಾವದೆ ಅಂತ ಕಂಡೋರ್ಯಾರು?"

"ಮೀನಿನ್ ಬಾಯಲ್ಲಿರ್ತದೆ ಕಣಯ್ಯ. ನಮ್ಮಂಗಡಿಗೆ ಬಾ, ಒಳ್ಳೆ ಹಗ್ಗ ಕೊಡ್ತೀನಿ, ಹೆಬ್ಬೆರಳಿಗೂ ರಜಾ ಸಿಗ್ತದೆ" ಎಂದು ಹೊರಟುಬಿಟ್ಟೆ.

ಸಂಜೆ ಐದರ ಹೊತ್ತು, ಬೆಳಕು ಚೆನ್ನಾಗಿಯೇ ಇತ್ತು. ಗಾಳಿ ಎದುರಿನಿಂದ ಬೀಸುತ್ತಿತ್ತು. ಒಂಟಿಯಾಗಿ ನಿಂತಿದ್ದ ಒಂದು ಒಣಮರದ ಬುಡಕ್ಕೆ ಕಪ್ಪೆಯನ್ನು ಎಸೆದು, ನೀರಿನ ಉಂಗುರಗಳು ಮಾಯುವವರೆಗೆ ಕಾದೆ. ಸದ್ದಿಲ್ಲದೆ ಕಪ್ಪೆ ಒಳಗೆ ಹೋಯಿತು. ಕೊರಮೀನು ನುಂಗಿದರೆ ಪಟಾಕಿ ಹೊಡೆದ ಹಾಗಿರುತ್ತದೆ. ಇಲ್ಲಿ ಒಂದು ಗುಳ್ಳೆಯೂ ಏಳಲಿಲ್ಲ.

ದಾರ ಬಿಗಿಯಾಯಿತು. ರೀಲನ್ನು ಮೂರು ಸುತ್ತು ಸುತ್ತಿದೆ, ಬಂತು. ನಿಲ್ಲಿಸಿದೆ. ಆ ಕಡೆಯಿಂದ ಮೂರು ಸುತ್ತು ದಾರ ಹೊರಗೆ ಹೋಗಿ ನಿಂತಿತು. ಮೀನು ಜಗ್ಗುತ್ತದೆ, ಒದರುತ್ತದೆ, ಓಡುತ್ತದೆ. ಇದು ಅಳೆದು ತೆಗೆದುಕೊಂಡಿತ್ತು. ಎರಡು ಸುತ್ತು ಸುತ್ತಿ ನೋಡಿದೆ. ಎರಡೇ ಸುತ್ತು ಹೋಯಿತು. ಐದು ಸುತ್ತಿದೆ. ಐದು ಹೋಯಿತು. ಇನ್ನು ಸುತ್ತಬಾರದು ಎಂದು ಕೈ ತೆಗೆದೆ.

ಆಗ ಅದು ತಾನಾಗಿಯೇ ಎಳೆಯತೊಡಗಿತು. ಎಳೆ ಹೆಣೆದ ಬ್ರೇಡ್ ದಾರ ಹೆಚ್ಚು ಬಿಗಿದರೆ ತನ್ನದೇ ಸುತ್ತುಗಳೊಳಗೆ ಕಚ್ಚಿಕೊಂಡು ರೀಲು ಜಾಮ್ ಆಗುತ್ತದೆ, ಆಯಿತು. ದೋಣಿಯ ಮೂತಿ ಮರದ ಕಡೆಗೆ ತಿರುಗಿ, ಗಾಳಿಗೆ ಎದುರಾಗಿ ಹೊರಟಿತು. ದಾರ ಬುಡಕ್ಕೆ ಸಿಕ್ಕಿಕೊಂಡಿತ್ತು ಎನ್ನುತ್ತೀರಿ. ಬುಡ ಹಿಡಿದುಕೊಳ್ಳುತ್ತದೆ, ಎಳೆಯುವುದಿಲ್ಲ.

ರಾಡನ್ನು ಬಿಟ್ಟೆ. ಅದು ನೀರಿಗಿಳಿಯಿತು, ಸೊಂಟದ ಹಗ್ಗ ಬಿಗಿಯಿತು. ಚಾಕು ಬೆನ್ನ ಹಿಂದಿನ ಡಬ್ಬಿಯಲ್ಲಿತ್ತು, ತಿರುಗಲು ಆಗಲಿಲ್ಲ. ಜಾಕೆಟ್ಟಿನ ಬಕಲ್ ಎಳೆತಕ್ಕೆ ಪಕ್ಕೆಯಡಿ ಹೋಗಿ ಸಿಕ್ಕಿಕೊಂಡಿತ್ತು. ಮರ ಹತ್ತಿರವಾಯಿತು. ದೋಣಿ ನಿಂತಿತು, ಎಳೆತ ಈಗ ನೇರ ಕೆಳಗೆ. ಹೆಗಲು ಅಂಚು ದಾಟಿತು, ಕಂಕುಳಿಗೆ ನೀರು ಮುಟ್ಟಿತು, ಕೆನ್ನೆಗೆ ಮುಟ್ಟಿತು. ಕೆಳಗೆ ಏನೂ ಕಾಣಲಿಲ್ಲ, ಹಸಿರು ಕತ್ತಲೆ ಅಷ್ಟೆ. ರಂಗಣ್ಣನ ಹೆಸರು ಹಿಡಿದು ಕೂಗಿದೆ. ಹೆಂಡತಿಗೆ ಎಲ್ಲಿಗೆ ಹೋಗುತ್ತೇನೆಂದು ಹೇಳದೆ ಬಂದಿದ್ದೆ. ಅದೊಂದೇ ತಲೆಯಲ್ಲಿ ಓಡುತ್ತಿತ್ತು.

ಒಮ್ಮೆಗೇ ಹಗ್ಗ ಸಡಿಲವಾಯಿತು. ನಾನು ಹಿಂದಕ್ಕೆ ಸೀಟಿಗೆ ಬಿದ್ದೆ. ದೋಣಿ ಎರಡು ಸಲ ತೂಗಿ ನಿಂತುಕೊಂಡಿತು. ರಾಡನ್ನು ಒಳಗೆಳೆದುಕೊಂಡು, ದಾರ ಹಿಂದೆ ತೇಲಿ ಬರುತ್ತಿದ್ದಂತೆಯೇ ದಡಕ್ಕೆ ಹುಟ್ಟು ಹಾಕಿದೆ.

ರಂಗಣ್ಣ ದಡದಲ್ಲೇ ನಿಂತಿದ್ದ. "ಅಷ್ಟು ಕೂಗಿದೆ, ಬರಬಾರದಿತ್ತಾ?" ಎಂದೆ.

"ಕೂಗು ಕೇಳ್ನಿಲ್ಲ ಸಾ. ನೀವೇ ಉಟ್ಟು ಆಕ್ಕಂಡು ಮರದ್ ತಾವ್ಕೆ ಓಯ್ತಿದ್ರಲ್ಲ. ಬಿರ್‍ರನೆ ಓಯ್ತಾವ್ರೆ, ದೊಡ್ಡದೇ ಬಿದ್ದದೆ ಅನ್ಕಂಡೆ."

ಮರದ ಕಡೆಗೆ ಹೋಗುವಾಗ ನಾನು ಹುಟ್ಟು ಮುಟ್ಟಿರಲಿಲ್ಲ. ಅದು ಪಕ್ಕದ ಪಟ್ಟಿಯಲ್ಲಿ ಸಿಕ್ಕಿಸಿದ್ದು ಹಾಗೆಯೇ ಇತ್ತು. ಹಾಗೆಂದಾಗ ಅವನು ನನ್ನನ್ನೇ ನೋಡಿದ. ಆಮೇಲೆ ದಾರವನ್ನು ಕೈಮೇಲೆ ಎಳೆದುಕೊಂಡು ತುದಿಗೆ ಬಂದ. ಕಪ್ಪೆ ಇರಲಿಲ್ಲ. ತುದಿಯನ್ನು ಬೆರಳಲ್ಲಿ ತಿರುವಿ ನೋಡಿ ನನ್ನ ಕೈಗೆ ಕೊಟ್ಟ.

"ತುಂಡಾಗಿಲ್ಲ ಸಾ. ಬಿಚ್ಚವ್ರೆ."

ನಿಜ. ದಾರ ಹರಿದಿದ್ದರೆ ತುದಿ ಕುಚ್ಚಾಗಿರುತ್ತಿತ್ತು. ನಾನು ಕತ್ತರಿಯಲ್ಲಿ ನೇರ ಮಾಡಿದ್ದ ತುದಿ ಹಾಗೇ ಇತ್ತು. ಕಪ್ಪೆ ಕಟ್ಟಿದ್ದ ಗಂಟಿನ ಜಾಗದಲ್ಲಿ ಸುರುಳಿಯ ಗುರುತು ಮಾತ್ರ ಉಳಿದಿತ್ತು. ಮಾರನೆಯ ದಿನ ಅಂಗಡಿಯಲ್ಲಿ ಅದೇ ದಾರಕ್ಕೆ ಅದೇ ಗಂಟು ಹಾಕಿ, ನೆನೆಸಿ, ಭಾರ ಇಳಿಬಿಟ್ಟು ಬಿಚ್ಚಲು ನೋಡಿದೆ. ಸೂಜಿ ಹಾಕಿದೆ, ಕನ್ನಡಕ ಹಾಕಿದೆ, ಮಧ್ಯಾಹ್ನದವರೆಗೂ ಕೂತೆ. ಭಾರ ಇಳಿಸದೆ ಆ ಗಂಟು ಬಿಚ್ಚುವ ಬೆರಳು ನಾನು ಕಂಡಿಲ್ಲ.

ರೀಲನ್ನು ಮಾರಿದೆ. ಅದರ ಬಗ್ಗೆ ಬೇಸರವಿಲ್ಲ. ಆದರೆ ಇಷ್ಟು ವರ್ಷ ವ್ಯಾಪಾರ ಮಾಡಿದವನಿಗೆ ಎದುರಿಗೆ ಎಷ್ಟು ಜನ ಕೂತಿದ್ದಾರೆಂದು ತಿಳಿಯದೆ ಇರುವುದು ಇದೊಂದೇ ಸಲ. ನನ್ನನ್ನು ಎಳೆದವರೇ ಮನಸ್ಸು ಬದಲಿಸಿ ಗಂಟು ಬಿಚ್ಚಿದರೋ, ಅಥವಾ ಅವರು ಎಳೆಯುತ್ತಿದ್ದಾಗಲೇ ಅಲ್ಲಿ ಕೆಳಗೆ ಬೇರೆ ಯಾರೋ ಇದ್ದು ನನಗಾಗಿ ಬಿಚ್ಚಿದರೋ, ಇವತ್ತಿಗೂ ನನಗೆ ಗೊತ್ತಿಲ್ಲ.