ಆಂಜಿನಮ್ಮ ಹೊಡೆದ ಫಾರ್ಮಲಿನ್

ಆಂಜಿನಮ್ಮನ ಕೈಬೆರಳು ನೋಡಿದವರು ಮುಖ ತಿರುಗಿಸುತ್ತಿದ್ದರು. ಶಿಡ್ಲಘಟ್ಟದಲ್ಲಿ ವರ್ಷಗಟ್ಟಲೆ ಕುದಿನೀರಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ತೆಗೆದ ಕೈಗಳು. ತುದಿಗಳೆಲ್ಲ ಬೆಳ್ಳಗೆ ಬಿರಿದುಹೋಗಿದ್ದವು. ಗಂಡ ಸತ್ತ ಮೇಲೆ, ೧೯೯೫ರಲ್ಲಿ, ಚಿಕ್ಕಬಳ್ಳಾಪುರದ ಒಂದು ಸಣ್ಣ ಸಂಶೋಧನಾಲಯದಲ್ಲಿ ಕಸ ಗುಡಿಸುವ, ಗಾಜು ತೊಳೆಯುವ ಕೆಲಸ ಸಿಕ್ಕಿತು. ನಾನು ಅಲ್ಲಿನ ಗುಮಾಸ್ತ. "ಖಾಯಂ ಆಗ್ಬಿಟ್ರೆ ಸಾಕು ಕಣಣ್ಣ, ಸಾಯೋವರ್ಗೂ ಆ ಬಿಸಿನೀರಿಗೆ ಕೈ ಇಡಲ್ಲ" ಎಂದು ಹೋದಬಂದಾಗಲೆಲ್ಲ ಹೇಳುತ್ತಿದ್ದಳು. ಖಾಯಂ ಆದೇಶಕ್ಕೆ ಇನ್ನು ನರಸಿಂಹಪ್ಪನವರ ಸಹಿಯೊಂದೇ ಬಾಕಿಯಿತ್ತು.

ನರಸಿಂಹಪ್ಪನವರು ನಮ್ಮ ವಿಜ್ಞಾನಿ. ದೊಡ್ಡ ತಲೆ, ಒಪ್ಪೋಣ; ಕರುಳು ಎಷ್ಟಿತ್ತು ಅಂತ ಮಾತ್ರ ಕೇಳಬೇಡಿ. ರೇಷ್ಮೆ ಕರಗಿಸಿ ಅದರ ಪ್ರೋಟೀನು ತೆಗೆಯುತ್ತಿದ್ದರು. ಸಣ್ಣ ಗೀರುಗಳಿದ್ದ ಗಾಜಿನ ಬಿಲ್ಲೆಯ ಮೇಲೆ ಹನಿಸಿದರೆ, ಯಾರೂ ಮುಟ್ಟದೆ ಅದು ತಾನೇ ತಾನಾಗಿ ಗೀರಿನುದ್ದಕ್ಕೂ ಸಾಲುಗಟ್ಟುತ್ತಿತ್ತು. ಆಮೇಲೆ ಚಿನ್ನದ ಕಣಗಳು ತೇಲುವ ಕೆಂಪು ನೀರಿಗೆ ಅದ್ದುತ್ತಿದ್ದರು. ಕಣ್ಣಿಗೆ ಕಾಣದಷ್ಟು ಸಣ್ಣ ಆ ಕಣಗಳು ಪ್ರೋಟೀನು ಇದ್ದಲ್ಲೇ ಹೋಗಿ ಕೂರುತ್ತಿದ್ದವು. ಹಾಗೆ ಕೂದಲಿಗಿಂತ ಸಣ್ಣ ಚಿನ್ನದ ಎಳೆ ಮಾಡಬೇಕೆಂಬುದು ಅವರ ಆಸೆ. ಆದರೆ ತೊಳೆದ ಕೂಡಲೇ ಸಾಲೆಲ್ಲ ಕೊಚ್ಚಿಹೋಗುತ್ತಿತ್ತು. ವರ್ಷಗಳಿಂದ ಇದೇ ಗೋಳು.

ಒಂದು ಶನಿವಾರ, "ಬಿಲ್ಲೆ ಹುಷಾರಮ್ಮ, ಅದರ ಮೇಲೆ ರೇಷ್ಮೆ ಇದೆ, ಕೆಡಬಾರದು" ಎಂದು ಹೇಳಿ ಮನೆಗೆ ಹೋದರು. ಆಂಜಿನಮ್ಮ ಹುಟ್ಟಿದ್ದು ಹುಳು ಸಾಕುವ ಮನೆಯಲ್ಲಿ. ಅಲ್ಲಿ ರೋಗ ತಗಲದಿರಲೆಂದು ಪ್ರತಿ ಬೆಳೆಗೂ ಮುಂಚೆ ಹುಳುಮನೆಗೆ ಫಾರ್ಮಲಿನ್ ಎಂಬ ಘಾಟು ಔಷಧಿ ಹೊಡೆದು ಬಾಗಿಲು ಜಡಿಯುತ್ತಾರೆ. ರೇಷ್ಮೆ ಕೆಡಬಾರದು ಅಂದರೆ ಅವಳಿಗೆ ಗೊತ್ತಿದ್ದದ್ದು ಅದೊಂದೇ. ಭಾನುವಾರ ಅಣ್ಣನ ಮನೆಯಿಂದ ಕ್ಯಾನು ಹೊತ್ತು ತಂದು, ಕೋಣೆಗೆಲ್ಲ ಹೊಡೆದು, ಕಿಟಕಿ ಸಂದಿಗೆ ಬಟ್ಟೆ ತುರುಕಿ ಬೀಗ ಹಾಕಿದಳು.

ಸೋಮವಾರ ಬಾಗಿಲು ತೆಗೆದ ನರಸಿಂಹಪ್ಪನವರ ಕಣ್ಣಲ್ಲಿ ಬಳಬಳ ನೀರು.

"ಯಾರೇ ನಿಂಗೆ ಹೇಳಿದ್ದು ಇದನ್ನ ಹೊಡಿ ಅಂತ?"

"ಅಯ್ಯೋ ದೇವುಡಾ, ರೇಷ್ಮೆಗೆ ಏನೂ ಆಗ್ಬಾರ್ದು ಅಂತ ಸಾರ್... ನಮ್ಮನೇಲಿ ಹಿಂಗೇ ಮಾಡದು."

"ನಿಮ್ಮನೇನಾ ಇದು? ಎಲ್ಲಾ ಹಾಳು ಮಾಡ್ಬಿಟ್ಟೆ! ನಡಿ ಆಚೆ!"

ಅವಳು ಕಾಲಿಗೆ ಬಿದ್ದಳು. ಕಾಲು ಹಿಂದಕ್ಕೆಳೆದುಕೊಂಡು, ಆದೇಶದ ಕಾಗದವನ್ನು ಅವಳ ಕಣ್ಣೆದುರೇ ಹರಿದರು ಮಹಾನುಭಾವರು. ನನಗೆ ಮೈಯೆಲ್ಲ ಉರಿದುಹೋಯಿತು.

ಆ ಬಿಲ್ಲೆಗಳನ್ನು ಎಸೆಯುವ ಮುಂಚೆ, ಅದೇನನ್ನಿಸಿತೋ, ಒಂದನ್ನು ಕೆಂಪು ನೀರಿಗೆ ಅದ್ದಿ ತೊಳೆದರು. ಬೆಂಗಳೂರಿಗೆ ಒಯ್ದು ದೊಡ್ಡ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಚಿನ್ನದ ಸಾಲು ಒಂದಿಷ್ಟೂ ಕದಲಿರಲಿಲ್ಲ. ಫಾರ್ಮಲಿನ್ ಪ್ರೋಟೀನನ್ನು ಗಟ್ಟಿಯಾಗಿ ಹಿಡಿದು ನಿಲ್ಲಿಸಿತ್ತು. ಸರಿ, ಶುರುವಾಯಿತಲ್ಲ ಶಾಲು, ಹಾರ, ಭಾಷಣ!

ಕೆಲಸ ಮತ್ತೆ ಸಿಗಬಹುದು ಬಾ ಅಂತ ನಾನೇ ಆಂಜಿನಮ್ಮನಿಗೆ ಹೇಳಿ ಕಳಿಸಿದೆ. ಅಲ್ಲಿಯವರೆಗೂ ಅಣ್ಣನ ಮನೆಯಲ್ಲಿ ಬೈಸಿಕೊಂಡು ಉಣ್ಣುತ್ತಿದ್ದವಳು ಓಡೋಡಿ ಬಂದಳು. ಒಳಗೆ ಹೊಸ ಆಳು ನಲ್ಲಪ್ಪ ಬಿಲ್ಲೆಗಳಿಗೆ ಫಾರ್ಮಲಿನ್ ಹೊಡೆಯುತ್ತಿದ್ದ. ಬಾಗಿಲಲ್ಲೇ ಅವಳಿಗೆ ವಾಸನೆ ಬಡಿಯಿತು.

"ಸಾರ್, ನಾನು ಹೊಡ್ದಿದ್ದೂ ಇದೇ ಅಲ್ವಾ?"

"ನೀನು ಮಾಡಿದ್ದು ತಪ್ಪಮ್ಮ. ನಾವು ಮಾಡ್ತಿರೋದು ಪ್ರಯೋಗ" ಎಂದರು ನರಸಿಂಹಪ್ಪನವರು, ಬಲು ಶಾಂತವಾಗಿ.

"ಹಂಗಾದ್ರೆ ನನ್ ಕೆಲ್ಸ..."

"ನಿನ್ನ ಇಟ್ಕೊಂಡ್ರೆ, ಇದನ್ನ ಶುರು ಮಾಡಿದ್ದು ಯಾರು ಅಂತ ಊರೆಲ್ಲ ಕೇಳುತ್ತೆ. ಹೋಗಮ್ಮ."

ನಮ್ಮಲ್ಲಿದ್ದಷ್ಟು ಕಾಲದಲ್ಲಿ ಅವಳ ಬೆರಳ ತುದಿಗಳಿಗೆ ಹೊಸ ಚರ್ಮ ಬಂದಿತ್ತು. ಮಾರನೆಯ ಬೆಳಿಗ್ಗೆ ಶಿಡ್ಲಘಟ್ಟದಲ್ಲಿ ಮತ್ತೆ ಕುದಿನೀರಿಗೆ ಕೈಯಿಟ್ಟಳು.