ನಿನ್ನ ಅಂಗಳದ ಆಕಾಶಮಲ್ಲಿಗೆ

ಚಂದ್ರಾ, ನಿನ್ನ ಮಗುವನ್ನು ಆ ಮರ ತಿನ್ನಲಿಲ್ಲ. ಅದು ನನಗೆ ಅವತ್ತೇ ಗೊತ್ತಿತ್ತು. ಗೊತ್ತಿದ್ದೂ ನಿಮ್ಮತ್ತೆಯ ಮುಂದೆ ತಪ್ಪನ್ನು ಮರದ ಮೇಲೆ ಹೊರಿಸಿದೆ — ಬಾಯಿ ತಪ್ಪಿ ಅಲ್ಲ, ಸಂಕಟ ತಡೆಯಲಾರದೆಯೂ ಅಲ್ಲ. ನನ್ನ ಮನೆಯ ನೀರಿನ ತೊಟ್ಟಿ ಬಿರುಕು ಬಿಡುತ್ತಿತ್ತು, ಅದಕ್ಕೆ.

ಅಷ್ಟೇನಾ ಅನ್ನುತ್ತೀಯೇನೋ. ಅಷ್ಟೇ.

ತೊಂಬತ್ತರ ದಶಕದ ಮೊದಲಲ್ಲಿ ನಂಜನಗೂಡಿನ ನಮ್ಮ ಬಡಾವಣೆಯಲ್ಲಿ ಮನೆಗಳಿಗಿಂತ ಮುಳ್ಳುಪೊದೆಗಳೇ ಜಾಸ್ತಿ. ನಮ್ಮ ಅಡುಗೆಮನೆಯ ಪಡುವಣ ಗೋಡೆಯಾಚೆಗೆ ನಿಮ್ಮ ಅಂಗಳ. ಮಧ್ಯಾಹ್ನವಾದರೆ ಆ ಗೋಡೆ ಕಾದ ಕಾವಲಿ. ಅಲ್ಲಿ ಯಾರಾದರೂ ಒಂದು ಮರ ಹಾಕಿದರೆ ಎಂದು ನಾನು ಕಾದಿದ್ದೆ. ಗೃಹಪ್ರವೇಶವಾದ ವಾರದಲ್ಲೇ ನೀನು ಬನ್ನೂರಿನ ತವರಿನಿಂದ ಎಣ್ಣೆ ಡಬ್ಬದಲ್ಲಿ ಒಂದು ಸಂಪಿಗೆ ಸಸಿ ತಂದು ನನ್ನ ಬಾಗಿಲಲ್ಲಿ ನಿಂತೆ. ಗಿಡದ ವಿಷಯಕ್ಕೆ ಎಲ್ಲರೂ ನನ್ನ ಹತ್ತಿರವೇ ಬರುತ್ತಿದ್ದರು. ನಮ್ಮಪ್ಪ ಬಿಳಿಗೆರೆಯಲ್ಲಿ ಸಸಿ ಬೆಳೆಸಿ ಮಾರುತ್ತಿದ್ದವರು.

"ಅಕ್ಕ, ಮನೆ ಮುಂದ್ಕೆ ಇದು ಆಯ್ತದಾ?"

ಆಗುತ್ತಿತ್ತು. ಅಷ್ಟಗಲದ ಅಂಗಳಕ್ಕೆ ಸಂಪಿಗೆಯೇ ಸರಿಯಾದ ಮರ. ಆದರೆ ಅದು ನಿಧಾನ, ನನಗೆ ನೆರಳು ಬೇಗ ಬೇಕಿತ್ತು. "ಅಯ್ಯೋ, ಸಂಪಿಗೆ ಹೂ ಬಿಡೋ ಹೊತ್ಗೆ ನಿನಗೆ ಮೊಮ್ಮಕ್ಕಳಾಗಿರ್ತವೆ ಕಣೆ" ಎಂದು ನಗೆಯಾಡಿದೆ. ಅಪ್ಪನ ಬಳಿಯಿಂದ ಆಕಾಶಮಲ್ಲಿಗೆ ಸಸಿ ತರಿಸಿ, ನನ್ನ ಗೋಡೆಯ ಪಕ್ಕಕ್ಕೇ ಗುಂಡಿ ತೋಡಿಸಿದೆ. ಅಪ್ಪ ಹೇಳಿದ್ದರು — "ಗೋಡೆ ಹತ್ರ ಬ್ಯಾಡ ಕಣವ್ವ, ತೊಟ್ಟಿ ಹತ್ರವಂತೂ ಬ್ಯಾಡ. ಇದರ ಬೇರು ಎಲ್ಲೆಲ್ಲೋ ನುಗ್ಗಿ ಮರಿ ಹಾಕ್ತದೆ." ಆ ಮಾತನ್ನು ನಿನಗೆ ಹೇಳಲಿಲ್ಲ. ಸಂಪಿಗೆಯನ್ನು, ಪಾಪ ಒಣಗೀತು ಎಂದು, ನನ್ನ ಹಿತ್ತಲಿಗೆ ಒಯ್ದೆ.

ನೀನು ನೀರು ಹೊತ್ತೆ, ನಾನು ನೆರಳು ಉಂಡೆ. ನಾಲ್ಕೈದು ವರ್ಷಕ್ಕೆ ಮರ ಮಾಳಿಗೆ ದಾಟಿತು. ಬಿಳಿಯ ಉದ್ದ ತೊಟ್ಟಿನ ಹೂ ಉದುರಿದರೆ ಸಂಜೆ ನೀನು ಅದರಡಿ ಕೂತು, ದಾರವಿಲ್ಲದೆ ತೊಟ್ಟಿಗೆ ತೊಟ್ಟು ಹೆಣೆದು ನನಗೂ ಒಂದು ತುಂಡು ಕಾಂಪೌಂಡಿನ ಮೇಲಿಂದ ಕೊಡುತ್ತಿದ್ದೆ. ಅಷ್ಟರಲ್ಲಿ ನನ್ನ ಅಂಗಳದ ಕಲ್ಲುಚಪ್ಪಡಿ ಎದ್ದು ಮರಿಗಿಡಗಳು ಇಣುಕಿದವು. ತೊಟ್ಟಿಯ ಗೋಡೆ ಸೀಳಿತು, ತುಂಬಿಸಿದ ನೀರು ಬೆಳಗಾಗುವುದರೊಳಗೆ ಖಾಲಿ. ನಮ್ಮ ಯಜಮಾನರು ದಿನಾ ಕೂಗಾಡುತ್ತಿದ್ದರು — ಹೋಗಿ ಹೇಳು ಅವರಿಗೆ, ಮರ ತೆಗೆಸಲಿ ಅಂತ.

ಒಂದು ಸಲ ಹೇಳಿಯೂ ನೋಡಿದೆ. ನಿಜವನ್ನಲ್ಲ — ಕಸ ಜಾಸ್ತಿ, ಗಾಳಿಗೆ ಮುರಿಯುತ್ತದೆ, ಅಂತೇನೋ. ನೀನು ಮರಕ್ಕೆ ಕೈಯಿಟ್ಟು ಅಂದೆ: "ಕೊಂಬೆ ಬೇಕಾರೆ ಕಡುಸ್ತೀನಿ ಅಕ್ಕ, ಮರ ಬ್ಯಾಡ. ನೀವೇ ಆರುಸ್ಕೊಟ್ಟಿದ್ದಲ್ವಾ?"

ಆಗಲಾದರೂ ತೊಟ್ಟಿಯ ಬಿರುಕು ತೋರಿಸಬಹುದಿತ್ತು. ತೋರಿಸಿದ್ದರೆ ನೀನು ಮಾರನೆಯ ದಿನವೇ ಕಡಿಸುತ್ತಿದ್ದೆ, ನನಗೆ ಗೊತ್ತು. ಆದರೆ ಆಮೇಲೆ — ಅಕ್ಕ, ನಿಮ್ಮಪ್ಪನಿಗೆ ಗೊತ್ತಿರಲಿಲ್ವಾ ಎಂದು ನೀನು ಕೇಳಿದ್ದರೆ? ನನ್ನ ಮರ್ಯಾದೆ ನನಗೆ ದೊಡ್ಡದಾಯಿತು.

ಆ ವರ್ಷವೇ, ಕಾದು ಕಾದು ನೀನು ಬಸುರಿಯಾದೆ. ಏಳು ತುಂಬುವ ಮೊದಲೇ ಮಗು ಹೋಯಿತು. ಆಸ್ಪತ್ರೆಯಲ್ಲಿ ನಿನ್ನ ಕಾಲ ಬಳಿ ನಿಂತಿದ್ದವಳು ನಾನು. ನಿನಗೆ ಮಂಪರು. ನಿನ್ನ ಗಂಡ ಔಷಧಿಗೆ ಓಡಿದ್ದ. ಡಾಕ್ಟರಮ್ಮ ನನಗೇ ಹೇಳಿದರು: ಬಿ.ಪಿ. ವಿಪರೀತ ಏರಿತ್ತು, ಯಾರದೂ ತಪ್ಪಲ್ಲ, ಮನೆಯವರಿಗೆ ಬಿಡಿಸಿ ಹೇಳಿ. ತಲೆಯಾಡಿಸಿದೆ.

ನಾನು ಹೇಳಿದ್ದೇ ಬೇರೆ. ಮೂರನೆಯ ದಿನ ನಿಮ್ಮ ನಡುಮನೆ ತುಂಬ ಹೆಂಗಸರು. ಹಾಲು ಬತ್ತಲೆಂದು ಎದೆಗೆ ಬಟ್ಟೆ ಬಿಗಿದುಕೊಂಡು ನೀನು ಗೋಡೆಗೆ ಮುಖ ಮಾಡಿ ಮಲಗಿದ್ದೆ. ಚಿಕ್ಕಯ್ಯನಛತ್ರದಿಂದ ಬಂದಿದ್ದ ನಿಮ್ಮತ್ತೆ, ಯಾರ ಕಣ್ಣು ಬಿತ್ತೋ ಎಂದು ಅಳುತ್ತಿದ್ದರು. ನಾನು ಅವರ ಪಕ್ಕಕ್ಕೆ ಸರಿದು ಕೂತೆ.

"ಕಣ್ಣಲ್ಲ ಕಣಮ್ಮ. ಮುಸ್ಸಂಜೇಲಿ ಆ ಮರದಡಿ ಹೂ ಹೆಣೀತಾ ಕೂರ್ತಿದ್ಲು. ರಾತ್ರಿ ಬಿರಿಯೋ ಹೂವಿನ ಮರ — ಬಸುರಿಗೆ ಗಾಳಿ ಸೋಕ್ದೆ ಇರ್ತದಾ?"

ನಿಮ್ಮತ್ತೆಯ ಅಳು ನಿಂತಿತು. "ಆ ಮರವ ಆಕು ಅಂದೋರ್ಯಾರು?"

ನೀನು ಗೋಡೆಯಿಂದ ಈಚೆ ತಿರುಗಿದೆ. ನಿಮ್ಮತ್ತೆಯನ್ನು ನೋಡಲಿಲ್ಲ, ನನ್ನನ್ನು ನೋಡಿದೆ. ಈಗ ಹೇಳುತ್ತಾಳೆ, ಹೇಳಿಬಿಡಲಿ —

"ನಾನೇ ಆಕ್ದೆ ಕಣತ್ತೆ," ಎಂದೆ ನೀನು.

ನನಗೆ ಕಾಫಿ ಕೊಟ್ಟರು, ಕುಡಿದೆ. ಥೂ ನನ್ನ ಜನ್ಮಕ್ಕೆ!

ಮಾರನೆಯ ದಿನ ಮರ ಉರುಳಿತು. ಮೆದು ಮರ, ಕೊಡಲಿಗೆ ಹೆಚ್ಚು ಕೆಲಸವಿರಲಿಲ್ಲ. ನೀನು ಕಿಟಕಿಯಲ್ಲಿ ನಿಂತು ಪೂರ್ತಿ ನೋಡಿದೆ, ಅಳಲಿಲ್ಲ. ಆ ವಾರವೇ ನಾನು ತೊಟ್ಟಿಗೆ ಗಾರೆ ಮಾಡಿಸಿದೆ. ಆಮೇಲೆ ನೀವು ಮನೆ ಮಾರಿ ಟಿ. ನರಸೀಪುರಕ್ಕೆ ಹೋದಿರಿ. ನಿನಗೆ ಮತ್ತೆ ಮಕ್ಕಳಾಗಲಿಲ್ಲ. ತೀರಿಹೋದ ನಿನ್ನ ತಂಗಿಯ ಮಗಳನ್ನು ತಂದು ಸಾಕಿಕೊಂಡೆ ಎಂದು ಕೇಳಿ ನಾನು — ಇದನ್ನೂ ಹೇಳಿಬಿಡುತ್ತೇನೆ — ಸದ್ಯ, ಎಲ್ಲ ಸರಿಹೋಯಿತಲ್ಲ ಎಂದುಕೊಂಡೆ.

ಹೋದ ತಿಂಗಳು ಆ ಹುಡುಗಿಯ ಸೀಮಂತಕ್ಕೆ ನನ್ನನ್ನೂ ಕರೆದೆ. ನಿನ್ನ ಅಂಗಳಕ್ಕೆ ಪೂರ್ತಿ ಸಿಮೆಂಟು, ಒಂದು ಕುಂಡ ಕೂಡ ಇಲ್ಲ. ಮುತ್ತೈದೆಯರೆಲ್ಲ ಬಳೆ ತೊಡಿಸಿ ಮಡಿಲು ತುಂಬಿದರು. ಹುಡುಗಿ "ಅಮ್ಮ, ನೀನು ಬಾ" ಎಂದು ನಿನ್ನನ್ನೇ ಕರೆಯುತ್ತಿತ್ತು. ನೀನು ಅಡುಗೆಮನೆಯ ಹೊಸ್ತಿಲು ದಾಟಲಿಲ್ಲ. ನಾನು ಕೈ ಹಿಡಿದು ಎಳೆದರೆ ನೀನು ಮೆಲ್ಲಗೆ ಅಂದೆ:

"ಬ್ಯಾಡ ಅಕ್ಕ. ಈ ಕೈಲಿ ನೆಟ್ಟಿದ್ದೇ ನನ್ ಮಗೀನ ತಿಂತು. ಇವಳ ಬಾಣಂತನನೂ ಇಲ್ಲಿ ಬ್ಯಾಡ ಅಂದಿವ್ನಿ. ಗಂಡನ ಮನೇಲೇ ಆಗ್ಲಿ."

ತಾಯಿಯಿಲ್ಲದ ಹುಡುಗಿ. ಚೊಚ್ಚಲ ಹೆರಿಗೆ. ನೀನು ಬೇಡವೆಂದದ್ದೇಕೆ ಎಂದು ತಿಳಿಯದೆ ಅವಳು ಅಲ್ಲಿ ಅಳುತ್ತಾ ಕೂತಿದ್ದಳು. ಆಗಲೂ, ಚಂದ್ರಾ, ಆಗಲೂ ನಾನು ಬಾಯಿ ಬಿಡಲಿಲ್ಲ. ಊಟ ಮಾಡಿ ಬಸ್ಸು ಹತ್ತಿದೆ.

ನಿನ್ನ ಸಂಪಿಗೆ ನನ್ನ ಹಿತ್ತಲಲ್ಲಿ ಹೂ ಬಿಡುತ್ತಿದೆ. ಎಂದೋ ಬಿಟ್ಟಿತು, ಮೊಮ್ಮಕ್ಕಳವರೆಗೆ ಕಾಯಲಿಲ್ಲ. ನಾಳೆ ಬರುವಾಗ ಅದನ್ನು ತರುವುದಿಲ್ಲ. ಹೂ ಹಿಡಿದು ಬರುವ ಮುಖ ನನ್ನದಲ್ಲ. ಬೆಳಗಿನ ಬಸ್ಸಿಗೇ ಬರುತ್ತೇನೆ. ನಿಮ್ಮತ್ತೆಯನ್ನೂ ಆ ಹುಡುಗಿಯನ್ನೂ ಕರೆಸಿ ಕೂರಿಸಿಕೊಂಡಿರು. ಆಕು ಅಂದೋರ್ಯಾರು ಎಂದು ಅವರು ಕೇಳಿದ್ದಕ್ಕೆ ಈಗ ನಾನು ಉತ್ತರ ಹೇಳಬೇಕು. ಡಾಕ್ಟರಮ್ಮ ಹೇಳಿ ಕಳಿಸಿದ್ದನ್ನೂ ಹೇಳಬೇಕು.

ಅದಾದ ಮೇಲೆ ನನ್ನನ್ನು ಹೊರಗೆ ದಬ್ಬು, ಪರವಾಗಿಲ್ಲ. ಬಾಗಿಲು ಹಾಕಿಕೊಳ್ಳುವ ಮೊದಲು ಆ ಕೈಯನ್ನು ಹುಡುಗಿಯ ಹೊಟ್ಟೆಯ ಮೇಲೆ ಇಡು.